ಎರಡು ಬಣ್ಣದ ಮೆತ್ತನೆಯ ಎರೆ: ಕೂಡುಗೆರೆಯ ಕೆಲಸ

ಗೋವಾದ ಜುವಾರಿ ನದಿಯ ದಂಡೆಯಲ್ಲಿ, ಕೊರ್ಟಾಲಿಂ ಕಡೆಯಿಂದ, ಇಳಿತದ ಹೊತ್ತಿನಲ್ಲಿ ಗಾಳ ಬೀಸುತ್ತಿದ್ದಾಗ ನಾನೇ ಎರಕ ಹೊಯ್ದ ಮೊದಲ ಎರಡು ಬಣ್ಣದ ಎರೆ (ಗಾಳಕ್ಕೆ ಸಿಕ್ಕಿಸುವ, ಮೀನಿನ ಆಕಾರದ ಮೆತ್ತನೆಯ ಪ್ಲಾಸ್ಟಿಕ್ ತುಂಡು) ಅವರೆಕಾಯಿಯ ಸಿಪ್ಪೆಯಂತೆ ಬಾಯಿ ಬಿಟ್ಟುಕೊಂಡು ಕೈಗೆ ಮರಳಿತು. ಕಡು ಹಸಿರಿನ ಬೆನ್ನು ಒಂದು ಕಡೆ, ಬಿಳಿಯ ಹೊಟ್ಟೆ ಇನ್ನೊಂದು ಕಡೆ, ನಡುವೆ ಗಾಳದ ಉಕ್ಕು. ಯಾವ ಮೀನೂ ಅದನ್ನು ಕಚ್ಚಿರಲಿಲ್ಲ. ಐದಾರು ಬಾರಿ ಎಸೆದು ಎಳೆದದ್ದಕ್ಕೇ ಎರಡೂ ಬಣ್ಣ ಕೂಡುವ ಗೆರೆ ಬಿಟ್ಟುಕೊಂಡಿತ್ತು. ನಾವೆಲ್ಲ ಮಾವ ಎಂದು ಕರೆಯುವ ಅಂಕೋಲೆಯ ಹಿರಿಯರೊಬ್ಬರು ಪಕ್ಕದಲ್ಲಿ ಜೀವಂತ ಸಿಗಡಿ ಕಟ್ಟಿ ಕುಳಿತಿದ್ದರು. ಅವರು ಅದನ್ನು ಬೆರಳಲ್ಲಿ ಹಿಡಿದು ನೋಡಿ, “ತಮ್ಮಾ, ಇದು ಅಂಟಿದ್ದಲ್ಲ, ಬರೀ ಒರಗಿದ್ದು” ಎಂದರು. ಅವರು ಎಂದೂ ಪ್ಲಾಸ್ಟಿಕ್ ಎರೆ ಮಾಡಿದವರಲ್ಲ, ಆದರೂ ಕಾರಣವನ್ನು ಸರಿಯಾಗಿಯೇ ಹೇಳಿದ್ದರು.

ಎರಡು ಬಣ್ಣದ ಎರೆಯಲ್ಲಿ ಬಣ್ಣಗಳು ಬೆರೆಯಬಾರದು, ಆದರೆ ಕರಗಿಸಿದ ಪ್ಲಾಸ್ಟಿಕ್ಕಿನ ಎರಡೂ ಪಾಕಗಳ ಮೈ ಒಂದಾಗಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ಎದುರು ನಿಂತಿವೆ, ಮತ್ತು ಅವುಗಳ ನಡುವೆ ದಾರಿ ಮಾಡಿಕೊಡುವುದು ಶಾಖ ಹಾಗೂ ಸಮಯ ಎರಡೇ. ಅಚ್ಚು ಯಾವುದಾದರೂ ಆಗಲಿ, ಬಣ್ಣ ಯಾವುದಾದರೂ ಆಗಲಿ, ಕೆಲಸ ಕೆಟ್ಟರೆ ಹೆಚ್ಚಿನ ಸಲ ಕೆಟ್ಟಿರುವುದು ಈ ಕೂಡುಗೆರೆಯಲ್ಲಿ.

ಪದದ ಬಗ್ಗೆ ಒಂದು ಮಾತು. ಅಂಗಡಿಗಳಲ್ಲಿ ಇದನ್ನು ಸಾಫ್ಟ್ ಪ್ಲಾಸ್ಟಿಕ್ ಲೂರ್ ಎನ್ನುತ್ತಾರೆ. ಗಾಳಕ್ಕೆ ಸಿಕ್ಕಿಸುವ ಆಹಾರಕ್ಕೆ ನಮ್ಮಲ್ಲಿ ಎರೆ ಎಂಬ ಹೆಸರು ಮೊದಲಿನಿಂದಲೂ ಇದೆ, ಎರೆಹುಳು ಎಂಬ ಮಾತಿನಲ್ಲಿ ಅದು ಎಲ್ಲರ ಬಾಯಲ್ಲಿ ಉಳಿದಿದೆ. ದೋಸೆ ಎರೆಯುತ್ತೇವೆ, ಲೋಹ ಕರಗಿಸಿ ಎರಕ ಹೊಯ್ಯುತ್ತೇವೆ ಎನ್ನುವಾಗಲೂ ಅದೇ ಧ್ವನಿಯ ಇನ್ನೊಂದು ಪದ ಇದೆ. ಎರೆದು ಮಾಡುವ ಎರೆಗೆ ಬೇರೆ ಹೆಸರು ಹುಡುಕುವ ಅಗತ್ಯ ನನಗೆ ಕಾಣಲಿಲ್ಲ.

ಬೆನ್ನು ಒಂದು ಬಣ್ಣ, ಹೊಟ್ಟೆ ಇನ್ನೊಂದು ಬಣ್ಣ ಏಕೆ ಎಂಬುದನ್ನು ಗೋವಾದ ಮೀನು ಮಾರುಕಟ್ಟೆಯಲ್ಲಿ ಒಂದು ತಾಜಾ ಶೆವ್ಟೊ ಮೀನನ್ನೋ ತಾರ್ಲೆಯನ್ನೋ (ನಮ್ಮ ಕರಾವಳಿಯ ಬೂತಾಯಿ) ಎತ್ತಿ ನೋಡಿದರೆ ತಿಳಿಯುತ್ತದೆ. ಬೆನ್ನು ಮಸುಕು ಹಸಿರು ಅಥವಾ ನೀಲಿಗಪ್ಪು, ಹೊಟ್ಟೆ ಬೆಳ್ಳಿ. ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ನೆರಳಲ್ಲಿಡುತ್ತದೆ. ಮೈಬಣ್ಣ ಅದಕ್ಕೆ ತಿರುಗುಮುರುಗಾಗಿರುವುದರಿಂದ ನೆರಳು ಬೆಳಕು ಸರಿದೂಗಿ ಮೀನು ನೀರಲ್ಲಿ ಚಪ್ಪಟೆಯಾಗಿ, ಅಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕದ ಚಿತ್ರಕಾರ ಅಬ್ಬಟ್ ಥೇಯರ್ 1896ರಲ್ಲಿ ಪ್ರಾಣಿಗಳ ಮೈಬಣ್ಣದ ಈ ನಿಯಮವನ್ನು ಬರೆದು ತೋರಿಸಿದರು. ಬೇಟೆಗಾರ ಮೀನು ದಿನವೂ ತಿನ್ನುವುದು ಇಂಥ ಎರಡು ಬಣ್ಣದ ಮೈಯನ್ನೇ. ಗೋವಾದಲ್ಲಿ ಚೊಣಕ್ ಎಂದೂ ಹೊರಗೆ ಬ್ಯಾರಮಂಡಿ ಎಂದೂ ಕರೆಯುವ ಮೀನು ನದೀಮುಖಗಳಲ್ಲಿ, ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿದ ಖಾಜನ್ ಗದ್ದೆಗಳ ಮಾನಸ್ ಎಂಬ ತೂಬುಗಳ ಬಾಯಲ್ಲಿ, ಇಳಿತದ ನೀರಿನೊಡನೆ ಜಾರಿ ಬರುವ ಮರಿಮೀನುಗಳಿಗಾಗಿ ಕಾಯುತ್ತದೆ. ಮಳೆಗಾಲದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿದಾಗ ಬಣ್ಣದ ಸೂಕ್ಷ್ಮಕ್ಕಿಂತ ಬೆನ್ನು ಹೊಟ್ಟೆಗಳ ಕಪ್ಪು ಬಿಳುಪಿನ ಅಂತರವೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ. ಒಂದೇ ಬಣ್ಣದ ಎರೆಗೂ ಮೀನು ಬೀಳುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎರೆ ನೀರಲ್ಲಿ ಮಗುಚಿ ಬಿದ್ದಾಗ ಒಮ್ಮೆ ಬಿಳಿ, ಎದ್ದಾಗ ಒಮ್ಮೆ ಕಪ್ಪು ಎಂದು ಮಿನುಗುವ ಆ ಬದಲಾವಣೆ ಒಂದು ಬಣ್ಣದ ಎರೆಯಿಂದ ದೊರೆಯುವುದಿಲ್ಲ.

ಈಗ ಪದಾರ್ಥದ ವಿಷಯ. ಮೆತ್ತನೆಯ ಎರೆ ಮಾಡಲು ಬಳಸುವ ದ್ರವದ ಹೆಸರು ಪ್ಲಾಸ್ಟಿಸಾಲ್. ನೋಡಲು ಗಟ್ಟಿ ಹಾಲಿನಂತೆ ಇರುತ್ತದೆ. ಅದರಲ್ಲಿ ಇರುವುದು ಮುಖ್ಯವಾಗಿ ಎರಡು: ನೀರಿನ ಕೊಳವೆಗೆ ಬಳಸುವ ಅದೇ ಪಿವಿಸಿ, ಆದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳ ರೂಪದಲ್ಲಿ, ಮತ್ತು ಆ ಕಣಗಳು ತೇಲಿಕೊಂಡಿರುವ ಎಣ್ಣೆಯಂಥ ಒಂದು ದ್ರವ, ಪ್ಲಾಸ್ಟಿಸೈಸರ್. ತಣ್ಣಗಿರುವಾಗ ಕಣ ಬೇರೆ, ಎಣ್ಣೆ ಬೇರೆ. ಬಿಸಿ ಮಾಡಿದಾಗ ಕಣಗಳು ಎಣ್ಣೆಯನ್ನು ಹೀರಿ ಉಬ್ಬುತ್ತವೆ, ಒಂದಕ್ಕೊಂದು ತಗುಲಿ ಇಡೀ ದ್ರವ ಮುದ್ದೆಯಾಗುತ್ತದೆ. ಇನ್ನೂ ಬಿಸಿ ಮಾಡಿದರೆ ಕಣಗಳ ಅಂಚುಗಳೇ ಅಳಿಸಿಹೋಗಿ ಮುದ್ದೆ ಮತ್ತೆ ಕರಗಿ ಪಾರದರ್ಶಕವಾದ ಪಾಕವಾಗುತ್ತದೆ. ಮನೆಯಲ್ಲಿ ಹಾಲುಬಾಯಿ ಕಲಕಿದವರಿಗೆ ಇದರ ಮೊದಲರ್ಧ ಗೊತ್ತಿರುವುದೇ ಆಗಿದೆ: ಅಕ್ಕಿಹಾಲು ಒಲೆಯ ಮೇಲೆ ಸ್ವಲ್ಪ ಹೊತ್ತು ನೀರಾಗಿಯೇ ಇದ್ದು, ಅಕ್ಕಿಯ ಪಿಷ್ಟಕಣಗಳು ನೀರು ಹೀರಿ ಉಬ್ಬಿದ ಕ್ಷಣದಲ್ಲಿ ಕೈ ಬಿಡದೆ ತಿರುವಬೇಕಾದಷ್ಟು ಗಟ್ಟಿಯಾಗುತ್ತದೆ. ಪ್ಲಾಸ್ಟಿಸಾಲಿನಲ್ಲಿ ಹೀರುವವನು ಪಿವಿಸಿ, ಹೀರಲ್ಪಡುವುದು ಎಣ್ಣೆ. ಹಾಲುಬಾಯಿಗಿಂತ ಇದು ಭಿನ್ನವಾಗುವುದು ಆರಿದ ಮೇಲೆ: ಇದನ್ನು ಮತ್ತೆ ಬಿಸಿ ಮಾಡಿದರೆ ಮತ್ತೆ ಕರಗುತ್ತದೆ, ಆದ್ದರಿಂದಲೇ ಹರಿದ ಹಳೆಯ ಎರೆಗಳಿಂದ ಹೊಸವನ್ನು ಎರೆಯಬಹುದು, ಆದ್ದರಿಂದಲೇ ಎರಡು ಬಣ್ಣದ ಕೂಡುಗೆರೆಯೂ ಸಾಧ್ಯ.

ಗಟ್ಟಿ ಪಿವಿಸಿಯನ್ನು ಮೆತ್ತಗಾಗಿಸುವ ವಿದ್ಯೆ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಅಮೆರಿಕದ ಬಿ. ಎಫ್. ಗುಡ್‌ರಿಚ್ ರಬ್ಬರ್ ಕಂಪನಿಯಲ್ಲಿದ್ದ ವಾಲ್ಡೋ ಸೀಮನ್ ಎಂಬ ರಸಾಯನಶಾಸ್ತ್ರಜ್ಞ 1926ರಲ್ಲಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಪದಾರ್ಥಕ್ಕಾಗಿ ಪಿವಿಸಿಯನ್ನು ಬಿಸಿ ದ್ರಾವಕಗಳಲ್ಲಿ ಕುದಿಸುತ್ತಿದ್ದರು. ಅಂಟು ಸಿಗಲಿಲ್ಲ, ಬಗ್ಗುವ, ಪುಟಿಯುವ ಒಂದು ಮೆತ್ತನೆಯ ವಸ್ತು ಸಿಕ್ಕಿತು. ಆ ಕಂಪನಿಯ ಊರು ಒಹಾಯೋದ ಆಕ್ರನ್. ಅದೇ ಊರಿನಲ್ಲಿ 1949ರಲ್ಲಿ ನಿಕ್ ಕ್ರೀಮ್ ಮತ್ತು ಅವರ ಪತ್ನಿ ತಮ್ಮ ಮನೆಯ ಅಡುಗೆಮನೆಯಲ್ಲಿ ಎರೆಹುಳುವಿನ ಅಚ್ಚು ಮಾಡಿ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳನ್ನು ಎರೆದು ಮಾರಿದರು. ಮನೆಯಲ್ಲಿ ಮಾಡುವ ಕೆಲಸವಾಗಿಯೇ ಇದು ಹುಟ್ಟಿತು ಎಂಬುದು ನನಗೆ ಯಾವಾಗಲೂ ಧೈರ್ಯ ಕೊಟ್ಟ ಸಂಗತಿ.

ಶಾಖದ ಮೆಟ್ಟಿಲುಗಳನ್ನು ಕಣ್ಣಿನಿಂದಲೇ ಗುರುತಿಸಲು ಕಲಿಯಬೇಕು, ಆದರೆ ಕಣ್ಣನ್ನು ಮಾತ್ರ ನಂಬಬಾರದು; ದೂರದಿಂದ ತೋರಿಸಿ ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ ಎಂದೇ ನಾನು ಹೇಳುತ್ತೇನೆ. ಬಾಟಲಿಯನ್ನು ಮೊದಲು ಚೆನ್ನಾಗಿ ಕುಲುಕಬೇಕು, ಏಕೆಂದರೆ ಪಿವಿಸಿ ಕಣಗಳು ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತವೆ. ಕುಲುಕದೆ ಮೇಲಿನದನ್ನೇ ಸುರಿದುಕೊಂಡರೆ ಎರೆ ಜಿಡ್ಡುಜಿಡ್ಡಾಗಿ ಬಲವಿಲ್ಲದೆ ಉಳಿಯುತ್ತದೆ. ಬೊರೋಸಿಲಿಕೇಟ್ ಗಾಜಿನ ಹಿಡಿಯುಳ್ಳ ಅಳತೆಯ ಲೋಟದಲ್ಲಿ 100 ಮಿಲಿಲೀಟರಿನಷ್ಟು ಹಾಕಿ ಮೈಕ್ರೋವೇವ್‌ನಲ್ಲಿ ಮೊದಲು ಒಂದು ನಿಮಿಷ, ನಂತರ ಇಪ್ಪತ್ತು ಮೂವತ್ತು ಸೆಕೆಂಡುಗಳ ಕಂತುಗಳಲ್ಲಿ ಬಿಸಿ ಮಾಡುತ್ತ, ಪ್ರತಿ ಕಂತಿನ ನಂತರ ತಳ ಮುಟ್ಟಿ ನಿಧಾನವಾಗಿ ಕಲಕಬೇಕು. ಬೇಗ ಬೇಗ ಕಲಕಿದರೆ ಗಾಳಿ ಸೇರುತ್ತದೆ, ಆ ಗುಳ್ಳೆಗಳು ಎರೆಯಲ್ಲಿ ಹಾಗೆಯೇ ಉಳಿಯುತ್ತವೆ. ಹಾಲು ಮೊದಲು ಗಂಟುಗಂಟಾಗುತ್ತದೆ, ಆಮೇಲೆ ಮೊಸರಿನ ಗಡ್ಡೆಯಂತಾಗುತ್ತದೆ, 160 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಬಿಳುಪು ಹೋಗಿ ಜೇನಿನಂತೆ ಸಡಿಲಾಗುತ್ತದೆ. ಸುಮಾರು 175 ಡಿಗ್ರಿಯಲ್ಲಿ ಅದು ಎರೆಯಲು ಸಿದ್ಧ. ಗಂಟುಗಳು ಇನ್ನೂ ಇರುವಾಗ ತಾಳ್ಮೆಗೆಟ್ಟು ಎರೆದರೆ ಕಣಗಳು ಪೂರ್ತಿ ಬೆಸೆದಿರುವುದಿಲ್ಲ, ಎರೆ ಹೊರನೋಟಕ್ಕೆ ಸರಿಯಿದ್ದರೂ ಎಳೆದಾಗ ಹಳೆಯ ಖರ್ವಸದಂತೆ (ಗಿಣ್ಣಿನಂತೆ) ಮುರಿಯುತ್ತದೆ.

200 ಡಿಗ್ರಿಯ ಕಡೆಗೆ ಹೋದರೆ ಬೇರೊಂದು ಅಪಾಯ. ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 57 ಪಾಲು ಕ್ಲೋರಿನ್. ಅತಿಯಾದ ಶಾಖದಲ್ಲಿ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ, ಪಾಕ ಹಳದಿಗೆ, ಕಂದಿಗೆ ತಿರುಗುತ್ತದೆ. ಆ ಅನಿಲ ತೇವದೊಡನೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ, ಮತ್ತು ಮೂಗು, ಗಂಟಲು, ಶ್ವಾಸಕೋಶಗಳಲ್ಲಿ ತೇವ ಇದ್ದೇ ಇರುತ್ತದೆ. ಆದ್ದರಿಂದ ಈ ಕೆಲಸ ಮುಚ್ಚಿದ ಅಡುಗೆಮನೆಯಲ್ಲಿ ಆಗಬಾರದು. ನಾನು ವಾಸ್ಕೋದ ನಮ್ಮ ಮನೆಯ ಬಾಲ್ಕನಿಯಲ್ಲಿ, ಬೆನ್ನ ಹಿಂದೆ ಫ್ಯಾನ್ ಇಟ್ಟು ಹೊಗೆ ಹೊರಕ್ಕೆ ಹೋಗುವಂತೆ ಮಾಡಿಕೊಂಡು, ಆಮ್ಲ ಅನಿಲ ಮತ್ತು ಸಾವಯವ ಆವಿ ಎರಡನ್ನೂ ತಡೆಯುವ ಕ್ಯಾನಿಸ್ಟರ್ ಇರುವ ಮುಖವಾಡ ಧರಿಸಿ ಮಾಡುತ್ತೇನೆ. ಬಟ್ಟೆಯ ಮಾಸ್ಕ್ ಇಲ್ಲಿ ಏನನ್ನೂ ತಡೆಯುವುದಿಲ್ಲ. ಈ ಕೆಲಸಕ್ಕೆ ಬಳಸಿದ ಮೈಕ್ರೋವೇವ್, ಲೋಟ, ಚಮಚ ಮತ್ತೆ ಅಡುಗೆಗೆ ಹೋಗಕೂಡದು. ಹಳೆಯದೊಂದನ್ನು ಇದಕ್ಕೇ ಮೀಸಲಿಡಬೇಕು. ಪೂರ್ಣ ತೋಳಿನ ಹತ್ತಿಬಟ್ಟೆ, ಚರ್ಮದ ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ, ಮುಚ್ಚಿದ ಬೂಟು ಬೇಕು. ಬಿಸಿ ಪಾಕ ಬೆಲ್ಲದ ಪಾಕದಂತೆ ಚರ್ಮಕ್ಕೆ ಹಿಡಿದುಕೊಂಡು ಸುಡುತ್ತಲೇ ಇರುತ್ತದೆ. ಹಾಗಾದರೆ ಕಿತ್ತು ತೆಗೆಯಲು ಹೋಗದೆ ಹರಿಯುವ ತಣ್ಣೀರಿನ ಕೆಳಗೆ ಹಿಡಿದು ವೈದ್ಯರ ಬಳಿ ಹೋಗಬೇಕು. ಮಕ್ಕಳು ಹತ್ತಿರ ಇರುವಾಗ ಈ ಕೆಲಸವನ್ನು ಹಚ್ಚಿಕೊಳ್ಳಲೇಬಾರದು.

ಶಾಖದಷ್ಟೇ ದೊಡ್ಡ ಶತ್ರು ನೀರು. 175 ಡಿಗ್ರಿಯ ಪಾಕಕ್ಕೆ ಒಂದು ಹನಿ ನೀರು ಸೇರಿದರೂ ಅದು ಕ್ಷಣದಲ್ಲಿ ಹಬೆಯಾಗಿ ಉಬ್ಬಿ ಪಾಕವನ್ನು ಚಿಮ್ಮಿಸುತ್ತದೆ, ಕಾದ ಎಣ್ಣೆಗೆ ಒದ್ದೆ ಹಪ್ಪಳ ಬಿದ್ದಂತೆ. ಗೋವಾದ ಮಳೆಗಾಲದಲ್ಲಿ ಈ ನೀರು ಎಲ್ಲಿಂದಲಾದರೂ ಬರುತ್ತದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ನಮ್ಮಂಥ ದಂಡೆಯ ಗಾಳದವರಿಗೆ ಎರೆ ಮಾಡಲು ಅದು ಒಳ್ಳೆಯ ಸಮಯ ಎಂದು ಒಂದು ಜೂನ್‌ನಲ್ಲಿ ನಾನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಆರು ಅಚ್ಚು ಮಾಡಿಟ್ಟೆ. ವಾರ ಕಳೆದಿತ್ತು, ಮುಟ್ಟಿದರೆ ಒಣಗಿದಂತೆಯೇ ಇದ್ದವು. ಮೊದಲ ಅಚ್ಚಿಗೆ ಪಾಕ ಎರೆದಾಗ ಅಂಚಿನಿಂದ ಸಣ್ಣ ಸುಯ್ ಶಬ್ದ ಬಂತು, ಪಾಕ ಕುದಿಯುವ ಗಂಜಿಯಂತೆ ಬುಳುಬುಳು ಎಂದಿತು, ಹೊರಬಂದ ಎರೆಯ ಹೊಟ್ಟೆ ತುಂಬ ಜೇನುಗೂಡಿನಂಥ ತೂತುಗಳು. ಪ್ಲಾಸ್ಟರ್ ಗಾಳಿಯ ತೇವವನ್ನು ಹೀರಿಕೊಂಡೇ ಕುಳಿತಿತ್ತು. ಅಂದಿನಿಂದ ನಾನು ಅಚ್ಚುಗಳನ್ನು ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಮಾಡಿ ಒಣಗಿಸಿ, ತೆಳ್ಳಗಿನ ಎಪಾಕ್ಸಿಯನ್ನು ಎರಡು ಮೂರು ಪದರ ಹಚ್ಚಿ ಮೈ ಮುಚ್ಚುತ್ತೇನೆ. ಆ ಹೊಳಪಿನ ಮೈ ತೇವ ತಡೆಯುವುದಲ್ಲದೆ ಎರೆಗೂ ಹೊಳಪು ಕೊಡುತ್ತದೆ.

ಅಚ್ಚುಗಳಲ್ಲಿ ಎರಡು ಜಾತಿ. ಮೇಲ್ಭಾಗ ತೆರೆದಿರುವ ಅಚ್ಚಿಗೆ ಪಾಕವನ್ನು ಕೈಯಿಂದ ಎರೆಯುತ್ತೇವೆ. ಎರಡು ಹೋಳುಗಳು ಕೂಡಿ ಮುಚ್ಚಿಕೊಳ್ಳುವ ಅಚ್ಚಿಗೆ ಪಿಚಕಾರಿಯಂಥ ಇಂಜೆಕ್ಟರಿನಿಂದ ಒತ್ತಿ ತುಂಬುತ್ತೇವೆ. ತೆರೆದ ಅಚ್ಚನ್ನು ಪ್ಲಾಸ್ಟರಿನಲ್ಲೋ, ಬಿಸಿ ತಡೆಯುವ ಸಿಲಿಕೋನ್ ರಬ್ಬರಿನಲ್ಲೋ ಮನೆಯಲ್ಲೇ ಮಾಡಬಹುದು. ಮುಚ್ಚಿದ ಅಚ್ಚು ಸಾಮಾನ್ಯವಾಗಿ ಯಂತ್ರದಲ್ಲಿ ಕೊರೆದ ಅಲ್ಯೂಮಿನಿಯಂ, ಬೆಲೆ ಹೆಚ್ಚು. ಕಲಿಯುವವರು ತೆರೆದ ಅಚ್ಚಿನಿಂದ, ಅದರಲ್ಲೂ ಸೂಜಿಯಂಥ ನೇರ ಬಾಲದ ಮೀನಿನ ಆಕಾರದಿಂದ ಮೊದಲು ಮಾಡಬೇಕು. ತಟ್ಟೆಯಂತೆ ಅಗಲವಾಗಿ ಅಲ್ಲಾಡುವ ಬಾಲ ನೀರಿನಲ್ಲಿ ಚೆಂದ, ಆದರೆ ಅದರ ಕತ್ತು ತೆಳ್ಳಗಿದ್ದು ಪಾಕ ಅಲ್ಲೇ ಮೊದಲು ಆರಿ ದಾರಿ ಮುಚ್ಚುತ್ತದೆ.

ತೆರೆದ ಅಚ್ಚಿನಲ್ಲಿ ಮೀನನ್ನು ಹೊಟ್ಟೆ ಕೆಳಗಾಗಿ ಮಲಗಿಸಿದಂತೆ ಗುಳಿ ಇರುತ್ತದೆ, ಆದ್ದರಿಂದ ಹೊಟ್ಟೆಯ ಬಣ್ಣ ಮೊದಲು, ಬೆನ್ನಿನದು ಆಮೇಲೆ. ಇಲ್ಲಿ ಗೋವಾದ ಬೆಬಿಂಕಾ ನೆನಪಿಗೆ ಬರುತ್ತದೆ. ಆ ಸಿಹಿಯಲ್ಲಿ ಒಂದು ಪದರ ಪೂರ್ತಿ ಬೆಂದು ಕೆಂಪಾದ ಮೇಲೆಯೇ ಮುಂದಿನ ಪದರದ ಹಿಟ್ಟನ್ನು ಎರೆಯುತ್ತಾರೆ, ಅದಕ್ಕೇ ತಿನ್ನುವಾಗ ಪದರ ಪದರವಾಗಿ ಬಿಡಿಸಿಕೊಳ್ಳಬಹುದು. ನಮಗೆ ಬೇಕಾಗಿರುವುದು ಅದಕ್ಕೆ ಸರಿಯಾಗಿ ವಿರುದ್ಧ. ಮೊದಲ ಪದರ ಪೂರ್ತಿ ಆರಿದ ಮೇಲೆ ಎರಡನೆಯದನ್ನು ಎರೆದರೆ ಬಿಸಿ ಪಾಕ ತಣ್ಣಗಿನ ಮೈ ಮುಟ್ಟಿದ ಕೂಡಲೇ ತಾನೂ ಆರಿ, ಮಾವ ಹೇಳಿದಂತೆ, ಬರೀ ಒರಗಿ ಕೂರುತ್ತದೆ. ನನ್ನ ಮೊದಲ ಎರೆಯ ಗೆರೆ ಸ್ಕೇಲ್ ಹಿಡಿದು ಎಳೆದಷ್ಟು ನೇರವಾಗಿದ್ದದ್ದು ಈ ಕಾರಣಕ್ಕೇ. ಅದನ್ನು ನೋಡಿ ನಾನು ಹಿಗ್ಗಿದ್ದೆ, ಅದು ದೋಷದ ಗುರುತು ಎಂಬುದು ತಿಳಿದಿರಲಿಲ್ಲ. ಇತ್ತ ಮೊದಲ ಪದರ ಇನ್ನೂ ನೀರಾಗಿರುವಾಗಲೇ ಎರಡನೆಯದನ್ನು ಸುರಿದರೆ ಅದು ಕೆಳಕ್ಕೆ ಕೊರೆದುಕೊಂಡು ಹೋಗಿ ಹೊಟ್ಟೆಯಲ್ಲಿ ಹಸಿರು ಮಚ್ಚೆಗಳಾಗುತ್ತವೆ.

ಸರಿಯಾದ ಕ್ಷಣ ಇವೆರಡರ ನಡುವೆ, ಮತ್ತು ಅದು ಬಹಳ ಚಿಕ್ಕದು. ನಾಲ್ಕು ಇಂಚಿನ ಎರೆಯ ಗುಳಿಗೆ ಬಿಳಿ ಪಾಕವನ್ನು ಅರ್ಧದಷ್ಟು ಎರೆದ ಮೇಲೆ ಮೇಲ್ಮೈಯನ್ನೇ ನೋಡುತ್ತಿರಬೇಕು. ಮೊದಲು ಅದು ಕನ್ನಡಿಯಂತೆ ಹೊಳೆಯುತ್ತದೆ, ಬಾಲ್ಕನಿಯ ಕಂಬಿಗಳ ನೆರಳು ಅದರಲ್ಲಿ ಕಾಣುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಬಾಲದ ತುದಿಯಿಂದ ಹೊಳಪು ಮಸುಕಾಗುತ್ತ ತಲೆಯ ಕಡೆಗೆ ಸರಿಯುತ್ತದೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಾಗಿನಂತೆ. ಆ ಮಸುಕು ತಲೆಯನ್ನು ಮುಟ್ಟುವ ಮೊದಲೇ ಎರಡನೆಯ ಬಣ್ಣವನ್ನು ಬಾಲದಿಂದ ಎರೆಯಲು ತೊಡಗಿ, ಮಸುಕನ್ನು ಹಿಂಬಾಲಿಸಿಕೊಂಡೇ ತಲೆಯ ಕಡೆಗೆ ಸಾಗಬೇಕು. ಲೋಟದ ಮೂತಿ ಅಚ್ಚಿಗೆ ಒಂದು ಬೆರಳಿನಷ್ಟು ಹತ್ತಿರ ಇರಬೇಕು, ಧಾರೆ ದಾರದಷ್ಟು ತೆಳ್ಳಗಿರಬೇಕು. ಎತ್ತರದಿಂದ ಬಿದ್ದರೆ ಕೆನೆ ಒಡೆಯುತ್ತದೆ. ಎರಡನೆಯ ಪಾಕವನ್ನು ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಾಗಿ, 175ರಿಂದ 180 ಡಿಗ್ರಿಯಲ್ಲಿ, ನಾನು ಇಟ್ಟುಕೊಳ್ಳುತ್ತೇನೆ. ಆ ಶಾಖ ಕೆಳಗಿನ ಕೆನೆಯನ್ನು ಕೂದಲೆಳೆಯಷ್ಟು ಮತ್ತೆ ಕರಗಿಸುತ್ತದೆ, ಕರಗಿದ ಆ ತೆಳ್ಳನೆಯ ಪಟ್ಟಿಯಲ್ಲಿ ಎರಡೂ ಕಡೆಯ ಪಿವಿಸಿಯ ಸರಪಳಿಯಂಥ ಉದ್ದನೆಯ ಅಣುಗಳು ಒಂದರೊಳಗೊಂದು ತೂರಿಕೊಂಡು, ಆರಿದಾಗ ಅಲ್ಲೇ ಹೆಣೆದುಕೊಂಡು ನಿಲ್ಲುತ್ತವೆ. ಬಣ್ಣದ ಕಣಗಳು ಅಷ್ಟು ಕಡಿಮೆ ಸಮಯದಲ್ಲಿ ದೂರ ಚಲಿಸಲಾರವು. ಹೀಗೆ ಮೈ ಒಂದಾಗುತ್ತದೆ, ಬಣ್ಣ ಬೇರೆಯಾಗಿಯೇ ಉಳಿಯುತ್ತದೆ. ಹತ್ತಿರದಿಂದ ನೋಡಿದರೆ ಇಂಥ ಗೆರೆ ತುಸು ಅಲುಗಿದಂತೆ, ಅಂಚು ಮೆದುವಾಗಿ ಕಾಣುತ್ತದೆ, ನಿಜವಾದ ಶೆವ್ಟೊ ಮೀನಿನ ಪಕ್ಕೆಯಂತೆ.

ಇದಕ್ಕೆ ಎರಡೂ ಬಣ್ಣದ ಪಾಕ ಏಕಕಾಲಕ್ಕೆ ಸಿದ್ಧವಿರಬೇಕು ಎಂಬುದೇ ಮನೆಯಲ್ಲಿ ಮಾಡುವವರ ಕಷ್ಟ. ಮೈಕ್ರೋವೇವ್ ಒಂದೇ ಇದ್ದರೆ ಬೆನ್ನಿನ ಬಣ್ಣವನ್ನು ಮೊದಲು ಪೂರ್ತಿ ಬಿಸಿ ಮಾಡಿ ಹೊರಗಿಟ್ಟು, ಹೊಟ್ಟೆಯದನ್ನು ಬಿಸಿ ಮಾಡಿ ಹೊರತೆಗೆದ ಕೂಡಲೇ ಬೆನ್ನಿನದನ್ನು ಮತ್ತೆ ಒಳಗಿಟ್ಟು ಕೊನೆಯ ಶಾಖ ಕೊಡಬೇಕು. ಆ ಇಪ್ಪತ್ತು ಸೆಕೆಂಡುಗಳಲ್ಲಿ ಹೊಟ್ಟೆಯನ್ನು ಎರೆದು ಮುಗಿಸಬೇಕು. ಒಂದು ಸಲಕ್ಕೆ ಎರಡು ಮೂರು ಗುಳಿಗಿಂತ ಹೆಚ್ಚು ಹಿಡಿಯಬೇಡಿ. ಆರು ಗುಳಿಗಳನ್ನು ಒಟ್ಟಿಗೆ ಎರೆಯುವ ಆಸೆಯಲ್ಲಿ ಕೊನೆಯ ಮೂರು ಯಾವಾಗಲೂ ಒರಗಿದ ಎರೆಗಳಾಗುತ್ತವೆ. ಬೆನ್ನನ್ನು ಅಂಚಿಗಿಂತ ತುಸು ಉಬ್ಬಾಗಿ ತುಂಬಬೇಕು, ಏಕೆಂದರೆ ಪಾಕ ಆರುವಾಗ ಕುಗ್ಗಿ ನಡುವೆ ತಗ್ಗಾಗುತ್ತದೆ.

ಮುಚ್ಚಿದ ಅಚ್ಚಿನಲ್ಲಿ ಕೂಡುಗೆರೆಯ ತತ್ವ ಬೇರೆ. ಅಲ್ಲಿ ಒಂದರ ನಂತರ ಒಂದಲ್ಲ, ಎರಡೂ ಬಣ್ಣ ಏಕಕಾಲಕ್ಕೆ ಒಳಗೆ ಹೋಗುತ್ತವೆ. ಎರಡು ಇಂಜೆಕ್ಟರುಗಳನ್ನು ಜೋಡೆತ್ತಿನಂತೆ ಪಕ್ಕಪಕ್ಕ ಕಟ್ಟಿ, ಎರಡರ ಕೊಂತಗಳನ್ನೂ (ಒತ್ತುವ ದಂಡಗಳನ್ನೂ) ಒಂದೇ ಪಟ್ಟಿಯಿಂದ ಒತ್ತಿದಾಗ, ಮೂತಿಯಲ್ಲಿರುವ ಸಣ್ಣ ಲೋಹದ ತುಂಡೊಂದರಲ್ಲಿ ಎರಡೂ ಧಾರೆಗಳು ತೆಳ್ಳನೆಯ ಗೋಡೆಯ ಆಚೆ ಈಚೆ ಹರಿದು, ಕೊನೆಯಲ್ಲಿ ಒಂದೇ ರಂಧ್ರದಿಂದ ಅಚ್ಚಿನೊಳಗೆ ಇಳಿಯುತ್ತವೆ. ಒಂದೇ ರಂಧ್ರದಲ್ಲಿ ಹೋದರೂ ಬಣ್ಣಗಳು ಬೆರೆಯದಿರುವುದು ಮೊದಲ ಬಾರಿ ನೋಡುವವರಿಗೆ ನಂಬಲಾಗದ ಸಂಗತಿ. ಇಂಗ್ಲೆಂಡಿನ ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿನೊಳಗೆ ಬಣ್ಣದ ಎಳೆಯೊಂದನ್ನು ಬಿಟ್ಟು ತೋರಿಸಿದಂತೆ, ಹರಿವು ನಿಧಾನವಾಗಿದ್ದಾಗ ಎಳೆ ನೇರವಾಗಿ ಸಾಗುತ್ತದೆ, ಒಂದು ಮಿತಿ ಮೀರಿದಾಗ ಸುಳಿಯೆದ್ದು ಚದುರುತ್ತದೆ. ದ್ರವ ಗಟ್ಟಿಯಾದಷ್ಟೂ, ದಾರಿ ಕಿರಿದಾದಷ್ಟೂ ಆ ಮಿತಿ ದೂರ ಸರಿಯುತ್ತದೆ. ನಮ್ಮ ಪಾಕ ನೀರಿಗಿಂತ ಎಷ್ಟೋ ಪಟ್ಟು ಗಟ್ಟಿ, ದಾರಿ ಕೆಲವೇ ಮಿಲಿಮೀಟರ್. ಕೈಯಿಂದ ಒತ್ತುವ ವೇಗದಲ್ಲಿ ಸುಳಿ ಏಳುವ ಮಾತೇ ಇಲ್ಲ. ಜೇನು ಮತ್ತು ಜೋನಿಬೆಲ್ಲವನ್ನು ಒಂದೇ ದೊಪ್ಪೆಯ ಎರಡು ಮೂಲೆಗಳಿಂದ ಸುರಿದರೆ ಪಕ್ಕಪಕ್ಕವೇ ಹರಿಯುವುದನ್ನು ನೋಡಿದವರು ಇದನ್ನು ಊಹಿಸಿಕೊಳ್ಳಬಹುದು. ಎರಡೂ ಬಿಸಿಯಾಗಿಯೇ ಮುಟ್ಟುವುದರಿಂದ ಬೆಸುಗೆಯ ಚಿಂತೆಯೂ ಇಲ್ಲ.

ಇಲ್ಲಿ ಕೆಡುವುದು ಎರಡು ಕಡೆ. ಒಂದು ಪಾಕ ಹೆಚ್ಚು ಬಿಸಿಯಿದ್ದರೆ ಅದು ಹೆಚ್ಚು ಸಡಿಲವಾಗಿ ಮುನ್ನುಗ್ಗಿ ಇನ್ನೊಂದರ ಜಾಗವನ್ನೂ ತಿನ್ನುತ್ತದೆ, ಮೀನಿಗೆ ಬೆನ್ನೇ ಬೆನ್ನು, ಹೊಟ್ಟೆ ನೂಲಿನಷ್ಟು. ಎರಡೂ ಲೋಟಗಳ ಶಾಖದಲ್ಲಿ ಐದಾರು ಡಿಗ್ರಿಗಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳಬೇಕು. ಎರಡನೆಯದು ದಿಕ್ಕಿನ ತಪ್ಪು. ಅಚ್ಚು ಮೀನನ್ನು ಎಡ ಬಲ ಎಂದು ಎರಡಾಗಿ ಸೀಳಿರುತ್ತದೆ. ಎರಡು ಇಂಜೆಕ್ಟರುಗಳು ಆ ಸೀಳುಗೆರೆಯ ಉದ್ದಕ್ಕೆ ಸಾಲಾಗಿ ನಿಂತರೆ ಒಂದರ ಬಣ್ಣ ಬೆನ್ನಿಗೆ, ಇನ್ನೊಂದರದು ಹೊಟ್ಟೆಗೆ ಹೋಗುತ್ತದೆ. ಅದನ್ನೇ ಕಾಲು ಸುತ್ತು ತಿರುಗಿಸಿ ಹಿಡಿದರೆ ಎಡಪಕ್ಕೆ ಬಿಳಿ, ಬಲಪಕ್ಕೆ ಹಸಿರು ಆಗಿ ಹೊರಬರುತ್ತದೆ. ಜೋಡಿ ಇಂಜೆಕ್ಟರಿನ ವೆಚ್ಚ ಬೇಡ ಎನ್ನುವವರು ಬೆನ್ನು ಹೊಟ್ಟೆ ಎಂದು ಸೀಳಿದ ಅಚ್ಚಿನ ಎರಡು ಹೋಳುಗಳ ನಡುವೆ ಚಪ್ಪಟೆ ಅಲ್ಯೂಮಿನಿಯಂ ಹಾಳೆ ಇಟ್ಟು ಒಂದು ಹೋಳನ್ನು ಮಾತ್ರ ತುಂಬಿ, ಹಾಳೆ ತೆಗೆದು, ಅಚ್ಚು ಮುಚ್ಚಿ ಇನ್ನೊಂದನ್ನು ತುಂಬುವುದುಂಟು. ಆಗ ಮತ್ತೆ ಒರಗುವ ಸಮಸ್ಯೆ ಬರುತ್ತದೆ, ಎರಡನೆಯ ಪಾಕವನ್ನು ಚೆನ್ನಾಗಿ ಬಿಸಿ ಇಟ್ಟು ಬೇಗ ಮುಗಿಸಬೇಕು.

ಬಣ್ಣ ಆರಿಸುವಾಗ ಒಂದು ರಾಸಾಯನಿಕ ಭೇದ ನೆನಪಿರಬೇಕು. ಕೆಲವು ಬಣ್ಣಗಳು ಕರಗದ ಪುಡಿ, ಅಂದರೆ ಪಿಗ್ಮೆಂಟ್. ಬಿಳಿಗೆ ಬಳಸುವ ಟೈಟೇನಿಯಂ ಡೈಆಕ್ಸೈಡ್, ಕಪ್ಪಿಗೆ ಬಳಸುವ ಕಾರ್ಬನ್ ಇಂಥವು. ಇವು ಇದ್ದಲ್ಲೇ ಇರುತ್ತವೆ. ಇನ್ನು ಕೆಲವು ಎಣ್ಣೆಯಲ್ಲಿ ಕರಗುವ ಡೈ. ಎರೆ ಆರಿದ ಮೇಲೂ ಒಳಗಿನ ಪ್ಲಾಸ್ಟಿಸೈಸರ್ ನಿಧಾನವಾಗಿ ಅತ್ತಿತ್ತ ಚಲಿಸುತ್ತಿರುವುದರಿಂದ ಡೈ ಅದರೊಡನೆ ಸಾಗಿ ಗೆರೆ ದಾಟುತ್ತದೆ. ಎರೆದ ದಿನ ಹಾಲಿನಂತಿದ್ದ ಹೊಟ್ಟೆ ಕೆಲವು ವಾರಗಳಲ್ಲಿ ಗುಲಾಬಿಗೆ ತಿರುಗಿದರೆ ಕಾರಣ ಇದೇ. ಆದ್ದರಿಂದ ಎರಡು ಬಣ್ಣದ ಕೆಲಸಕ್ಕೆ ಗಾಢ ಬಣ್ಣದ ಕಡೆ ಪಿಗ್ಮೆಂಟ್ ಇರಲೇಬೇಕು. ಅಡುಗೆಯ ಬಣ್ಣ ನೀರಿನಲ್ಲಿ ಮಾಡಿದ್ದು, ಪಾಕಕ್ಕೆ ಸೇರಿದರೆ ಚಿಮ್ಮುತ್ತದೆ, ಅದನ್ನು ಮುಟ್ಟಬಾರದು. ಕರಕುಶಲ ಅಂಗಡಿಯ ಮಿನುಗುಪುಡಿ ಶಾಖಕ್ಕೆ ಮುದುಡಿ ಬಣ್ಣ ಬಿಡುವುದುಂಟು, ಶಾಖ ತಡೆಯುವ ಪಾಲಿಯೆಸ್ಟರ್ ಮಿನುಗನ್ನೇ ಕೇಳಿ ತರಬೇಕು.

ನಾನು ಹೆಚ್ಚು ಬಳಸುವ ಜೋಡಿ, ಹೊಟ್ಟೆಗೆ ಬಿಳಿಯಲ್ಲಿ ಚಿಟಿಕೆ ಮುತ್ತಿನ ಪುಡಿಯಂಥ ಅಭ್ರಕದ ಹೊಳಪು, ಬೆನ್ನಿಗೆ ಆಚೆ ಬದಿಯ ಬೆಳಕು ತುಸು ಕಾಣುವಷ್ಟು ಮಾತ್ರ ಬಣ್ಣ ಹಾಕಿದ ಕಡು ಹಸಿರು. ಬೆನ್ನಿನ ಬಣ್ಣ ಅಪಾರದರ್ಶಕವಾದರೆ ಎರೆ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. ಹೊಟ್ಟೆಯ ಪಾಕಕ್ಕೆ ಮಾತ್ರ, ಚೆನ್ನಾಗಿ ಹುರಿದು ತೇವ ತೆಗೆದು ನುಣ್ಣಗೆ ಪುಡಿ ಮಾಡಿದ ಉಪ್ಪನ್ನು ಸೇರಿಸುತ್ತೇನೆ. ಉಪ್ಪು ಪ್ಲಾಸ್ಟಿಸಾಲಿಗಿಂತ ಎರಡು ಪಟ್ಟು ಭಾರವಾದ್ದರಿಂದ ಎರೆಯ ಭಾರ ಹೊಟ್ಟೆಯಲ್ಲಿ ಕೂತು, ನೀರಲ್ಲಿ ಅದು ಬೆನ್ನು ಮೇಲಾಗಿಯೇ ಇಳಿಯುತ್ತದೆ. ಉಪ್ಪು ಪಾಕವನ್ನು ಮಬ್ಬಾಗಿಸುತ್ತದಾದರೂ ಬಿಳಿಯಲ್ಲಿ ಆ ಮಬ್ಬು ಕಾಣುವುದಿಲ್ಲ. ಎರಡು ಬಣ್ಣದಿಂದ ಸಿಗುವ ಈ ಅನುಕೂಲವನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಕೈಗೆ ಹತ್ತಿದಾಗ ಬಹಳ ಸಂತೋಷವಾಗಿತ್ತು. ಉಪ್ಪು ಹೆಚ್ಚಾದರೆ ಎರೆ ಬೇಗ ಹರಿಯುತ್ತದೆ, ಕೈ ಹಿಡಿತ ಇರಲಿ.

ಅಚ್ಚಿನಿಂದ ತೆಗೆದ ಎರೆ ಇನ್ನೂ ಬೆಚ್ಚಗಿರುವಾಗ ಹೇಗೆ ಬಗ್ಗಿರುತ್ತದೋ ಹಾಗೆಯೇ ನಿಂತುಬಿಡುತ್ತದೆ, ಆದ್ದರಿಂದ ನೇರವಾಗಿ ಚಪ್ಪಟೆ ತಟ್ಟೆಯ ಮೇಲೆ ಮಲಗಿಸಬೇಕು. ಬೇರೆ ಬೇರೆ ಬಣ್ಣದವನ್ನು ಒಟ್ಟಿಗೆ ತುಂಬಿದರೆ ಡೈ ಒಂದರಿಂದ ಒಂದಕ್ಕೆ ಹರಿಯುತ್ತದೆ. ಗಟ್ಟಿ ಪಾರದರ್ಶಕ ಪಾಲಿಸ್ಟೈರೀನ್ ಡಬ್ಬಿಯಲ್ಲಿಟ್ಟರೆ ಪ್ಲಾಸ್ಟಿಸೈಸರ್ ಡಬ್ಬಿಯನ್ನೇ ಕರಗಿಸಿ ಅಂಟಿಕೊಳ್ಳುತ್ತದೆ. ಪಾಲಿಥೀನ್ ಚೀಲ ಒಳ್ಳೆಯದು. ನದಿಯಲ್ಲಿ ಹರಿದ ಎರೆಯನ್ನು ಅಲ್ಲೇ ಎಸೆಯದೆ ಜೇಬಿಗೆ ಹಾಕಿಕೊಂಡು ಬಂದರೆ ಅದು ಮುಂದಿನ ಪಾಕಕ್ಕೆ ಆಗುತ್ತದೆ, ಆದರೆ ಪ್ರತಿ ಸಲ ಕರಗಿಸಿದಾಗಲೂ ಹಳದಿ ಏರುವುದರಿಂದ ಅದನ್ನು ಬೆನ್ನಿನ ಗಾಢ ಬಣ್ಣಕ್ಕೆ ಬಳಸಬೇಕು, ಬಿಳಿಗಲ್ಲ.

ಕೊನೆಯ ಪರೀಕ್ಷೆಯನ್ನು ಒಂದು ದಿನ ಬಿಟ್ಟು ಮಾಡಬೇಕು. ಪ್ರತಿ ಸಲದ ಎರಕದಿಂದ ಒಂದನ್ನು ಎತ್ತಿಕೊಂಡು, ಮೂಗಿನಿಂದ ಗಾಳ ಚುಚ್ಚಿ ಬೆನ್ನಿನಿಂದ ಹೊರತೆಗೆಯಿರಿ; ಉಕ್ಕು ಕೂಡುಗೆರೆಯನ್ನು ಅಡ್ಡ ಹಾಯುವುದು ಅಲ್ಲೇ, ಚೊಣಕ್ ಬಾಯಿ ತೆರೆದು ನೀರಿನ ಸಮೇತ ಎರೆಯನ್ನು ಒಳಕ್ಕೆ ಎಳೆದುಕೊಂಡಾಗ ಜಗ್ಗುವುದೂ ಅಲ್ಲೇ. ನಂತರ ಬೆನ್ನನ್ನು ಒಂದು ಕೈಯ ಉಗುರಿನಲ್ಲಿ, ಹೊಟ್ಟೆಯನ್ನು ಇನ್ನೊಂದರಲ್ಲಿ ಹಿಡಿದು ಗೆರೆಗೆ ಅಡ್ಡವಾಗಿ ಎಳೆಯಿರಿ. ಹರಿದ ಜಾಗ ಗೆರೆಯನ್ನು ಬಿಟ್ಟು ಬಿಳಿಯೊಳಗೋ ಹಸಿರೊಳಗೋ ಸೊಟ್ಟಗೆ ಹೋಗಿದ್ದರೆ ಆ ಎರಕ ಬೆಸೆದಿದೆ. ಗೆರೆಯ ಗುಂಟವೇ ನುಣ್ಣಗೆ ಬಿಟ್ಟುಕೊಂಡರೆ, ಆ ಇಡೀ ಎರಕವನ್ನು ಕತ್ತರಿಯಿಂದ ಬೆನ್ನು ಹೊಟ್ಟೆ ಬೇರೆ ಮಾಡಿ, ಆಯಾ ಬಣ್ಣದ ಲೋಟಕ್ಕೆ ಹಿಂದಿರುಗಿಸಿ ಮತ್ತೆ ಕರಗಿಸಿ.